ನಮ್ಮ ಸಂಘದ ಮುಖ್ಯ ಅತಿಥಿ ಫೇಸ್‌ಬುಕ್‌ನಲ್ಲಿ ಹೀಗೆ ಬರೆದಿದ್ದಾರೆ. ಏನು ಮಾಡೋಣ?

ಡಬ್ಬಾ ಅಕ್ಕ, ಮುಂಬೈ ಸೆಂಟ್ರಲ್ ಲೈನ್ (ಸೋಮವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಉದ್ದ ಆಯಿತು ಅಂತ ಬಿಡಬೇಡಿ, ದಯವಿಟ್ಟು ಪೂರ್ತಿ ಓದಿ.

ಸ್ಟೇಷನ್ ಪಕ್ಕದ ಪಾರ್ಲರ್‌ಗೆ ನಾನು ಆರೇಳು ವರ್ಷದಿಂದ ಹೋಗುತ್ತೇನೆ. ಅಲ್ಲಿ ಕೆಲಸ ಮಾಡುವ ಹುಡುಗಿ ಮಣಿಪುರದವಳು. ಶನಿವಾರ ನನ್ನ ಹುಬ್ಬು ತೀಡುತ್ತಿದ್ದಳು, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು. ಒಂದು ಹುಬ್ಬು ಮುಗಿಯಿತು. ದಾರ ತೆಗೆದಿಟ್ಟು ಏಪ್ರನ್ ಜೇಬಿನಿಂದ ಫೋನ್ ತೆಗೆದಳು. "ಆಂಟಿ, ಇದು ನಿಮ್ಮ ಭಾಷೆ ಅಲ್ವಾ? ಏನು ಬರೆದಿದ್ದಾರೆ ಓದಿ ಹೇಳ್ತೀರಾ?" ಅಂತ ಹಿಂದಿಯಲ್ಲಿ ಕೇಳಿದಳು.

ಫೋಟೋದಲ್ಲಿ ಅವಳೇ ಇದ್ದಳು. ಪಾರ್ಲರ್ ಮೆಟ್ಟಿಲ ಮೇಲೆ ಗೆಳತಿಯ ಜೊತೆ ಕೂತು ಚಹಾ ಕುಡಿಯುತ್ತಿದ್ದಾಗ ರಸ್ತೆಯ ಆ ಕಡೆಯಿಂದ ಯಾರೋ ತೆಗೆದದ್ದು. ಮೇಲೆ ಕನ್ನಡದಲ್ಲಿ ಆರು ಸಾಲು. ಮೊದಲ ಸಾಲು ಅವರ ಕಣ್ಣಿನ ಬಗ್ಗೆ. ಎರಡನೆಯದು ಅವರ ಊಟದ ಬಗ್ಗೆ. ಆಮೇಲಿನದು ನಾನು ಇಲ್ಲಿ ಹಾಕಲ್ಲ. ಇವರು ಯಾವ ದಂಧೆಗೆ ಬಂದವರು ಅಂತ ಎಲ್ಲರಿಗೂ ಗೊತ್ತು ಅನ್ನುವ ಅರ್ಥದ್ದು. ಕೊನೆಗೆ, ಇಂಥವರನ್ನು ವಾರ್ಡ್‌ನಿಂದ ಓಡಿಸಬೇಕು ಅಂತ.

ಬರೆದವರು ನಮ್ಮ ಮಾಜಿ ನಗರಸೇವಕರು, ಅಂದರೆ ಕಾರ್ಪೊರೇಟರ್. ಕನ್ನಡದವರೇ. ರಾಜ್ಯೋತ್ಸವಕ್ಕೆ ನಮ್ಮ ಸಂಘದ ಮುಖ್ಯ ಅತಿಥಿ. ಆಮಂತ್ರಣ ಪತ್ರ ಅಚ್ಚಾಗಿ ನಮ್ಮ ಮನೆಯ ಕಪಾಟಲ್ಲೇ ಕೂತಿದೆ.

ನಾನು ಸುಳ್ಳು ಹೇಳಿದೆ. "ಅಂಗಡಿಗಳ ಬಗ್ಗೆ ಏನೋ ಬರೆದಿದ್ದಾರೆ" ಅಂದೆ. ಅವಳು ನನ್ನ ಮುಖ ನೋಡಿ ಸರಿ ಅಂದಳು. ಮತ್ತೆ ದಾರ ಕಚ್ಚಿಕೊಂಡು ಇನ್ನೊಂದು ಹುಬ್ಬು ಮಾಡಿದಳು. ಎರಡು ದಿನದಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ನಾನು ಸಮಿತಿಯಲ್ಲಿದ್ದೇನೆ. ಇದನ್ನು ಅವರಲ್ಲಿ ಕೇಳಬೇಕು ಅಂತ ನನ್ನ ಮನಸ್ಸು. ಹೇಗೆ ಕೇಳಬೇಕು ಹೇಳಿ.

ಸಂಘದ ಖಜಾಂಚಿ (ಸೋಮವಾರ ಬೆಳಿಗ್ಗೆ)

ಅಕ್ಕಾ, ಆ ಮಾತು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನುಷ್ಯ ನಮಗೆ ಮಾಡಿದ್ದನ್ನೂ ನೆನಪಿಡೋಣ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್ ಬಂದ್ ಆಗಿ ನಮ್ಮ ಹುಡುಗರು ರೂಮಲ್ಲಿ ಹಸಿದು ಕೂತಿದ್ದರು. ಅಕ್ಕಿ ಬೇಳೆ ಕಳಿಸಿದವರು ಅವರು. ಊರಿಗೆ ಹೋಗಲು ಪಾಸ್ ಮಾಡಿಸಿದವರು ಅವರು. ಕನ್ನಡ ಶಾಲೆಯ ಮೇಲ್ಛಾವಣಿ ಸೋರುತ್ತಿದ್ದಾಗ ನಾನೇ ಅವರ ಜೊತೆ ಮುನಿಸಿಪಾಲಿಟಿಗೆ ಅಲೆದಿದ್ದೇನೆ. ಮೂರು ಮಳೆಗಾಲ.

ಇಲ್ಲಿ ನಾವು ಕೆಲವೇ ಸಾವಿರ ಜನ. ನಮ್ಮ ಪರವಾಗಿ ಬಾಯಿ ಬಿಡುವವರು ಒಬ್ಬರಿದ್ದಾರೆ. ಅವರನ್ನೇ ಬೀದಿಗೆ ತಂದರೆ ನಾಳೆ ಯಾರ ಬಾಗಿಲು ತಟ್ಟೋಣ? ನಾನು ಹೋಗಿ ಕಿವಿಮಾತು ಹೇಳಿ ಬರುತ್ತೇನೆ. ತೆಗೆದುಹಾಕುತ್ತಾರೆ. ಅಲ್ಲಿಗೆ ಮುಗಿಸೋಣ.

ಮಾಟುಂಗಾ ಅಜ್ಜ (ಸೋಮವಾರ ಮಧ್ಯಾಹ್ನ)

ನನಗೆ 74 ಆಯಿತು. ಖಜಾಂಚಿಯವರೇ, ನಿಮ್ಮ ಕಷ್ಟ ನನಗೆ ಗೊತ್ತಾಗುತ್ತದೆ. ಆದರೂ ಒಂದು ಹಳೆಯ ಮಾತು ಹೇಳಬೇಕು.

1960ರಲ್ಲಿ ಇಲ್ಲಿ 'ಮಾರ್ಮಿಕ್' ಅಂತ ಮರಾಠಿ ವಾರಪತ್ರಿಕೆ ಶುರುವಾಯಿತು. ಬಾಳ ಠಾಕ್ರೆಯವರದ್ದು. ಅದರಲ್ಲಿ ಆಫೀಸು ಕಂಪನಿಗಳಲ್ಲಿ ಕೆಲಸ ಮಾಡುವ ದಕ್ಷಿಣದವರ ಹೆಸರುಗಳ ಪಟ್ಟಿ ಬರುತ್ತಿತ್ತು. ತಲೆಬರಹ 'ವಾಚಾ ಆಣಿ ಥಂಡ ಬಸಾ', ಅಂದರೆ ಓದಿ, ತಣ್ಣಗೆ ಕೂತಿರಿ. ಆಮೇಲೆ ಅದು 'ವಾಚಾ ಆಣಿ ಉಠಾ' ಆಯಿತು. ಓದಿ, ಏಳಿ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಲುಂಗಿ ಹಟಾವೋ, ಪುಂಗಿ ಬಜಾವೋ ಅನ್ನುವ ಕೂಗು ನಾನು ಶಾಲೆಗೆ ಹೋಗುವ ದಾರಿಯಲ್ಲಿ ಕೇಳಿದ್ದೇನೆ. ಉಡುಪಿ ಹೋಟೆಲ್‌ಗಳಿಗೆ ಕಲ್ಲು ಬಿದ್ದದ್ದನ್ನು ಕಂಡಿದ್ದೇನೆ. ಮೊದಲು ಬಂದದ್ದು ಹೆಸರುಗಳ ಪಟ್ಟಿ. ಕಲ್ಲು ಬಂದದ್ದು ಆಮೇಲೆ.

ನನ್ನ ಅಪ್ಪ ದಾದರ್‌ನಲ್ಲಿ ಒಂದು ಹೋಟೆಲ್‌ನ ಗಲ್ಲಾದಲ್ಲಿ ಕೂರುತ್ತಿದ್ದರು. ಮರಾಠಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಗಿರಣಿಯ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಚಹಾಕ್ಕೆ ಬರುವ ಒಬ್ಬ ಮರಾಠಿ ಕಾರ್ಮಿಕರಿದ್ದರು. ಒಂದು ದಿನ ಅವರು ಆ ಪತ್ರಿಕೆ ತಂದು ಗಲ್ಲಾದ ಮೇಲೆ ಹರವಿದರು. ಏನು ಬರೆದಿದೆ ಅಂತ ಅಪ್ಪ ಕೇಳಿದರು. ಅವರು ಒಂದಕ್ಷರ ಬಿಡದೆ ಓದಿದರು. ಸಿಹಿ ಮಾಡಿ ಹೇಳಲಿಲ್ಲ. ಓದಿ ಮುಗಿಸಿ, "ಇವತ್ತು ಶಟರ್ ಬೇಗ ಎಳೀರಿ" ಅಂದರು. ಸಂಜೆ ಬಂದು ಹೋಟೆಲ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ರಾತ್ರಿ ಹತ್ತರವರೆಗೆ.

ಅಪ್ಪ ತೀರಿಕೊಳ್ಳುವವರೆಗೂ ಆ ಮನುಷ್ಯನನ್ನು ನೆನೆಸಿಕೊಳ್ಳುತ್ತಿದ್ದರು. ಡಬ್ಬಾ ಅಕ್ಕಾ, ನಿಮ್ಮ ಹುಡುಗಿ ಕೇಳಿದ್ದೂ ಅದನ್ನೇ. ಓದಿ ಹೇಳಿ ಅಂತ.

ವಾಸ್ಕೋ ಹುಬ್ಬಳ್ಳಿಯವ, ಗೋವಾ (ಸೋಮವಾರ ಸಂಜೆ)

ಅಜ್ಜಾರೇ, ಓದಿ ಕಣ್ಣು ತುಂಬಿ ಬಂತು.

ಗೋವಾದಲ್ಲಿ ನಮ್ಮನ್ನು 'ಘಾಟಿ' ಅಂತಾರೆ. ಘಟ್ಟದ ಮೇಲಿನವರು ಅಂತ ಅರ್ಥ. ಆದರೆ ಹೇಳುವ ದನಿ ಬೇರೆ ಇರುತ್ತದೆ. ನಾನು 19 ವರ್ಷದಿಂದ ಕಟ್ಟಡ ಕೆಲಸದಲ್ಲಿದ್ದೇನೆ, ಈಗ ಸೂಪರ್‌ವೈಸರ್. ಈಗಲೂ ಬಸ್ಸಿನಲ್ಲಿ ಕನ್ನಡದಲ್ಲಿ ಫೋನ್ ಮಾಡುವಾಗ ದನಿ ತಗ್ಗಿಸುತ್ತೇನೆ.

2018ರ ಜನವರಿಯಲ್ಲಿ ಮಹದಾಯಿ ಗಲಾಟೆ ನಡೆದಾಗ ಇಲ್ಲಿನ ಜಲಸಂಪನ್ಮೂಲ ಸಚಿವ ವಿನೋದ್ ಪಾಲ್ಯೇಕರ್ ಕನ್ನಡಿಗರನ್ನು 'ಹರಾಮಿ' ಅಂದರು. ಗದ್ದಲ ಆದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡರು. ಬೆಳಗಾವಿಯಿಂದ ಬೆಂಗಳೂರಿನವರೆಗೆ ನಮ್ಮವರು ಕುದ್ದುಹೋದರು. ಸರಿಯಾಗಿಯೇ ಕುದ್ದರು. ಅದಕ್ಕೂ ಮೊದಲು, 2013ರಲ್ಲಿ, ಪರ್ರಾದಲ್ಲಿ ಒಬ್ಬ ನೈಜೀರಿಯನ್ ಕೊಲೆಯಾದಾಗ ಅವರ ಜನ ಪೊರ್ವೊರಿಮ್‌ನಲ್ಲಿ ಹೆದ್ದಾರಿ ತಡೆದರು. ಆಗ ಇನ್ನೊಬ್ಬ ಸಚಿವರು, ದಯಾನಂದ ಮಾಂದ್ರೇಕರ್, ನೈಜೀರಿಯದವರು ಕ್ಯಾನ್ಸರ್ ಇದ್ದಂತೆ ಅಂದರು. ಆವತ್ತು ನಮ್ಮ ಸೈಟಿನಲ್ಲಿ ಕನ್ನಡದವರೆಲ್ಲ ಅದಕ್ಕೆ ತಲೆಯಾಡಿಸಿದರು. ನಾನೂ ಆಡಿಸಿದ್ದೆ. ಐದು ವರ್ಷದ ಮೇಲೆ ನಮ್ಮ ಮೇಲೆ ಬಿದ್ದಾಗಲೇ ಅದು ಎಂಥ ಮಾತು ಅಂತ ತಿಳಿದದ್ದು.

ಸಂಘದ ಖಜಾಂಚಿ (ಸೋಮವಾರ ರಾತ್ರಿ)

ಸಚಿವರ ಮಾತು ಬೇರೆ. ಇವರು ಮಾಜಿ ನಗರಸೇವಕರು. ಒಂದು ಫೇಸ್‌ಬುಕ್ ಪೋಸ್ಟ್. ಅದೂ ಕನ್ನಡದಲ್ಲಿ. ಮುಂಬೈಯಲ್ಲಿ ಎಷ್ಟು ಜನ ಓದುತ್ತಾರೆ?

ಪುಣೆ ಟೆಸ್ಟರ್ (ಸೋಮವಾರ ರಾತ್ರಿ)

ಖಜಾಂಚಿ ಸರ್, ನನಗೆ ದೊಡ್ಡದಾಗಿ ಕಾಣುವುದೇ ಆ ವಿಷಯ. ಕನ್ನಡದಲ್ಲಿ ಇರುವುದರಿಂದ ಇಲ್ಲಿನ ಪೊಲೀಸರು ಓದಲ್ಲ. ಮರಾಠಿ ಪತ್ರಕರ್ತರು ಓದಲ್ಲ. ಅವರ ಪಕ್ಷದ ದೊಡ್ಡವರೂ ಓದಲ್ಲ. ಫೇಸ್‌ಬುಕ್ ತಾನಾಗಿ ಹಿಡಿಯುತ್ತದೆ ಅಂತ ನಂಬಬೇಡಿ. ಇಂಗ್ಲಿಷ್‌ನಲ್ಲಿ ಅದರ ಯಂತ್ರಕ್ಕೆ ಸಿಗುವ ಬೈಗುಳ ನಮ್ಮ ಭಾಷೆಯಲ್ಲಿ ಜಾಸ್ತಿ ಸಲ ತಪ್ಪಿಸಿಕೊಳ್ಳುತ್ತದೆ. ನಾನು ಆ ತರಹದ ಪರೀಕ್ಷೆ ಕೆಲಸವನ್ನೇ ಮಾಡುತ್ತೇನೆ. 'ನಿಮ್ಮಂಥವರು' ಅನ್ನುವ ಒಂದು ಪದವನ್ನು ಹೇಗೆಲ್ಲ ತಿರುಗಿಸಬಹುದು ಅಂತ ಯಂತ್ರಕ್ಕೆ ಗೊತ್ತಿಲ್ಲ. ನಮಗೆ ಗೊತ್ತು.

ಆದ್ದರಿಂದ ಇದನ್ನು ಕೇಳಬೇಕಾದವರು ಕನ್ನಡ ಓದಬಲ್ಲ ನಾವೇ. ಬೇರೆ ಯಾರೂ ಬರಲ್ಲ.

ಒಂದು ಪೋಸ್ಟ್ ಏನು ಮಾಡುತ್ತದೆ ಅಂದಿರಿ. 2012ರ ಆಗಸ್ಟ್‌ನಲ್ಲಿ ನಾನು ಪುಣೆಯಲ್ಲಿ ಓದುತ್ತಿದ್ದೆ. ಇಲ್ಲಿ ಈಶಾನ್ಯದ ಹುಡುಗರ ಮೇಲೆ ಹಲ್ಲೆ ಆಯಿತು. ಆಮೇಲೆ ಫೋನಿನಿಂದ ಫೋನಿಗೆ ವದಂತಿ ಹಬ್ಬಿತು. ಬೆಂಗಳೂರಿನಿಂದ, ಪುಣೆಯಿಂದ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಸರ್ಕಾರ ದಿನಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸಬಾರದು ಅಂತ 15 ದಿನ ತಡೆ ಹಾಕಿತು. ನನ್ನ ಹಾಸ್ಟೆಲ್ ರೂಮ್‌ಮೇಟ್ ಅಸ್ಸಾಮಿನವನು. ಅವನು ಹೋಗುವಾಗ ತನ್ನ ಫ್ಯಾನು, ಬಕೆಟ್ಟು ನನಗೇ ಕೊಟ್ಟ. ವಾಪಸ್ ಬರಲಿಲ್ಲ. ಆ ಬಕೆಟ್ಟು ಈಗಲೂ ನಮ್ಮ ಬಚ್ಚಲಲ್ಲಿದೆ.

ಥಾಣೆ ವಕೀಲೆ (ಮಂಗಳವಾರ ಬೆಳಿಗ್ಗೆ)

ಕಾನೂನಿನ ಕಡೆಯಿಂದ ಹೇಳುತ್ತೇನೆ. ಮೊದಲ ಕೆಲಸ ಸಾಕ್ಷಿ ಉಳಿಸುವುದು. ಈಗಲೇ ಮಾಡಿ, ಇನ್ನೊಂದು ಗಂಟೆ ಬಿಟ್ಟು ಬೇಡ. ಬರೀ ಸ್ಕ್ರೀನ್‌ಶಾಟ್ ಸಾಲದು. ಪೋಸ್ಟಿನ ಲಿಂಕ್, ಖಾತೆಯ ಹೆಸರು, ದಿನ, ಸಮಯ, ಕೆಳಗಿನ ಕಾಮೆಂಟ್‌ಗಳು ಎಲ್ಲ ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿ. ಯಾರ ಫೋನಿನಲ್ಲಿ ಮಾಡಿದಿರಿ ಅಂತ ಬರೆದಿಡಿ. ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ.

ಈಗ ಕಲಂಗಳು. ಹಳೆಯ ಐಪಿಸಿ 153ಎ ಈಗ ಭಾರತೀಯ ನ್ಯಾಯ ಸಂಹಿತೆಯ 196. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಧರ್ಮ, ಜನಾಂಗ, ಹುಟ್ಟಿದ ಜಾಗ, ವಾಸ, ಭಾಷೆ, ಜಾತಿ ಇವುಗಳ ಹೆಸರಲ್ಲಿ ಗುಂಪುಗಳ ನಡುವೆ ದ್ವೇಷ ಹಚ್ಚಿದರೆ ಮೂರು ವರ್ಷದವರೆಗೆ ಶಿಕ್ಷೆ. ಫೋನ್, ಇಂಟರ್ನೆಟ್ ಮೂಲಕ ಮಾಡಿದರೂ ಅನ್ವಯಿಸುತ್ತದೆ. ಆದರೆ ಎಲ್ಲ ಕೆಟ್ಟ ಮಾತೂ 196ಕ್ಕೆ ಬರಲ್ಲ. ಅವಮಾನ ಬೇರೆ, ದ್ವೇಷ ಹಚ್ಚುವುದು ಬೇರೆ. ಇಲ್ಲಿ 'ಓಡಿಸಬೇಕು' ಅಂತ ಇದೆ, ಅದು ಗಟ್ಟಿ ಅಂಶ. 'ದಂಧೆ' ಅಂದದ್ದು ಹೆಂಗಸಿನ ಮಾನಕ್ಕೆ ಧಕ್ಕೆ ತರುವ ಮಾತು. ಅದಕ್ಕೆ 79ನೇ ಕಲಂ ಇದೆ.

ಕಷ್ಟ ಎಲ್ಲಿದೆ ಅಂದರೆ, 196ರಲ್ಲಿ ಎಫ್‌ಐಆರ್ ಆಗಬಹುದು. ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಳ್ಳಲು ಮಾತ್ರ ಸರ್ಕಾರದ ಮುಂಚಿನ ಅನುಮತಿ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಂ. ಬರೆದವರು ಆಳುವ ಕಡೆಯವರಾದರೆ ಆ ಫೈಲು ಎಷ್ಟು ದಿನ ಮೇಜಿನ ಮೇಲೆ ಇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇನ್ನೊಂದು. ಜನಪ್ರತಿನಿಧಿ ಕಾಯ್ದೆ 1951ರ 8ನೇ ಕಲಂ ಪ್ರಕಾರ ಈ ಅಪರಾಧದಲ್ಲಿ ಶಿಕ್ಷೆಯಾದರೆ, ಬರೀ ದಂಡ ಆದರೂ, ಆರು ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ. ರಾಜಕಾರಣಿಗಳು ಹೆದರುವುದು ಇದಕ್ಕೆ, ಜೈಲಿಗಲ್ಲ.

ಮಾಟುಂಗಾ ಅಜ್ಜ (ಮಂಗಳವಾರ ಬೆಳಿಗ್ಗೆ)

ಆರು ವರ್ಷ ಅಂದಿರಿ. ಈ ಊರು ಅದನ್ನು ನೋಡಿದೆ. 1987ರ ಡಿಸೆಂಬರ್‌ನ ವಿಲೇ ಪಾರ್ಲೆ ಉಪಚುನಾವಣೆ. ಧರ್ಮದ ಹೆಸರಲ್ಲಿ ಭಾಷಣ ಆಯಿತು ಅಂತ 1989ರಲ್ಲಿ ಬಾಂಬೆ ಹೈಕೋರ್ಟು ಗೆದ್ದ ರಮೇಶ್ ಪ್ರಭು ಅವರ ಆಯ್ಕೆ ರದ್ದು ಮಾಡಿತು. 1995ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಭಾಷಣ ಮಾಡಿದ ಬಾಳ ಠಾಕ್ರೆಯವರ ಮತದಾನದ ಹಕ್ಕು ಆರು ವರ್ಷ ಹೋಯಿತು. ಆದರೆ ಆ ಆದೇಶ ಬಂದದ್ದು 1999ರಲ್ಲಿ. ಭಾಷಣ ಆಗಿ ಹನ್ನೆರಡು ವರ್ಷದ ಮೇಲೆ. ಅಷ್ಟರಲ್ಲಿ ಮುಂಬೈ ಏನೇನು ಕಂಡಿತು ಅಂತ ಇಲ್ಲಿರುವವರಿಗೆ ಗೊತ್ತು.

ಮುಲುಂಡ್ ವರದಿಗಾರ (ಮಂಗಳವಾರ ಮಧ್ಯಾಹ್ನ)

ವಕೀಲೆಯವರು ಹೇಳಿದ್ದು ಸರಿ. ಆದರೂ ಪೊಲೀಸ್ ಸ್ಟೇಷನ್‌ಗೆ ಓಡುವ ಮುಂಚೆ ಎರಡು ಸಲ ಯೋಚಿಸಿ.

2012ರ ನವೆಂಬರ್. ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಗಿತ್ತು. ಪಾಲ್ಘರ್‌ನ ಒಬ್ಬ ಹುಡುಗಿ ಅದರ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಹಿಡಿದರು. ಯಾರಿಗೂ ಬೈದಿರಲಿಲ್ಲ. ಆಗ ನಾನು ಹೊಸ ವರದಿಗಾರ. ಪಾಲ್ಘರ್‌ಗೆ ಹೋಗಿದ್ದೆ. ಮನೆಯವರು ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು ಮಾತಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಬಂಧನದ ಗದ್ದಲದಿಂದಲೇ ಶ್ರೇಯಾ ಸಿಂಘಲ್ ಪ್ರಕರಣ ಕೋರ್ಟಿಗೆ ಹೋಯಿತು. 2015ರ ಮಾರ್ಚ್ 24ರಂದು, ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಹಿಡಿಯಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಬಿದ್ದುಹೋಯಿತು.

ನಾಯಕರೂ ಕೆಲವೊಮ್ಮೆ ಸುಮ್ಸುಮ್ನೆ ಸಿಕ್ಕಿಬೀಳುತ್ತಾರೆ. ಸಂಸದ ಇಮ್ರಾನ್ ಪ್ರತಾಪ್‌ಗಢಿ ಸಾಮಾಜಿಕ ಜಾಲತಾಣದಲ್ಲಿ ಒಂದು ಕವಿತೆ ಇರುವ ವಿಡಿಯೋ ಹಾಕಿದ್ದಕ್ಕೆ ಗುಜರಾತಿನಲ್ಲಿ ಇದೇ 196ರಲ್ಲಿ ಕೇಸು ಹಾಕಿದರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತುಹಾಕಿತು. ಕರ್ನಾಟಕದ ವಿಧಾನಮಂಡಲ 2025ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ದ್ವೇಷ ಭಾಷಣ ತಡೆ ಮಸೂದೆ ಪಾಸು ಮಾಡಿದಾಗಲೂ ನನಗೆ ಬಂದ ಭಯ ಒಂದೇ. ಅಧಿಕಾರ ಇರುವವನ ಕೈಯಲ್ಲಿ ಆ ಕೋಲು ಯಾರ ಬೆನ್ನಿಗೆ ಬೀಳುತ್ತದೆ?

ಇದನ್ನು ಹೇಳಿ ಸುಮ್ಮನಿರಿ ಅನ್ನುತ್ತಿಲ್ಲ. ಒಬ್ಬ ನಾಯಕನಿಗೆ ತಟ್ಟುವ ಜಾಗಗಳು ಬೇರೆ ಇವೆ. ಟಿಕೆಟ್, ಸ್ಥಾನ, ವೇದಿಕೆ, ಹಾರ. ಆ ಹಾರ ಈಗ ನಿಮ್ಮ ಸಂಘದ ಕೈಯಲ್ಲಿದೆ.

ವಾಸ್ಕೋ ಹುಬ್ಬಳ್ಳಿಯವ, ಗೋವಾ (ಮಂಗಳವಾರ ಮಧ್ಯಾಹ್ನ)

ವರದಿಗಾರರೇ, ಸ್ಥಾನ ಹೋದರೂ ವಾಪಸ್ ಬರುತ್ತದಲ್ಲ ರೀ. 2024ರ ಮೇನಲ್ಲಿ ಕಾಂಗ್ರೆಸ್‌ನ ಸ್ಯಾಮ್ ಪಿತ್ರೋಡಾ, ದಕ್ಷಿಣದವರು ಆಫ್ರಿಕಾದವರ ಹಾಗೆ, ಪೂರ್ವದವರು ಚೀನಾದವರ ಹಾಗೆ ಕಾಣುತ್ತಾರೆ ಅಂದರು. ರಾಜೀನಾಮೆ ಕೊಟ್ಟರು. ಚುನಾವಣೆ ಮುಗಿದ ಮೇಲೆ ಜೂನ್‌ನಲ್ಲೇ ಅದೇ ಕುರ್ಚಿಗೆ ಮತ್ತೆ ಕೂರಿಸಿದರು. 2017ರಲ್ಲಿ ಬಿಜೆಪಿಯ ತರುಣ್ ವಿಜಯ್, ನಾವು ಜನಾಂಗಭೇದ ಮಾಡುವವರಾಗಿದ್ದರೆ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರದವರ ಜೊತೆ ಹೇಗೆ ಬಾಳುತ್ತಿದ್ದೆವು, ನಮ್ಮ ಸುತ್ತ ಕಪ್ಪು ಜನ ಇದ್ದಾರಲ್ಲ ಅಂದರು. ಕ್ಷಮೆ ಕೇಳಿದರು, ಮುಗಿಯಿತು. ಎರಡೂ ಕಡೆಯವರಿಗೆ ನಾವು ಬಣ್ಣದ ಲೆಕ್ಕ.

ಪುಣೆ ಟೆಸ್ಟರ್ (ಮಂಗಳವಾರ ಸಂಜೆ)

ಹೊರಗಿನ ಎರಡು ವಿಷಯ. 2019ರ ಜುಲೈನಲ್ಲಿ ಟ್ರಂಪ್ ನಾಲ್ವರು ಸಂಸದೆಯರಿಗೆ 'ನಿಮ್ಮ ದೇಶಕ್ಕೆ ಹೋಗಿ' ಅನ್ನುವ ಅರ್ಥದಲ್ಲಿ ಟ್ವೀಟ್ ಮಾಡಿದರು. ಅವರಲ್ಲಿ ಮೂವರು ಅಮೆರಿಕದಲ್ಲೇ ಹುಟ್ಟಿದವರು. ಎರಡೇ ದಿನದಲ್ಲಿ ಅಲ್ಲಿನ ಕೆಳಮನೆ 240ಕ್ಕೆ 187 ಮತದಿಂದ ಖಂಡಿಸಿತು. ಅಧ್ಯಕ್ಷರಿಗೆ ಅದರಿಂದ ಏನೂ ಆಗಲಿಲ್ಲ. ಆದರೂ ಯಾರು ಯಾವ ಕಡೆ ಕೈ ಎತ್ತಿದರು ಅಂತ ಹೆಸರು ಸಮೇತ ದಾಖಲೆ ಉಳಿಯಿತು.

ನನಗೆ ಜಾಸ್ತಿ ಹಿಡಿಸಿದ್ದು ಫ್ರಾನ್ಸಿನದು. ಜೂಲಿಯನ್ ಸಾಂಚೆಜ್ ಅಂತ ಒಬ್ಬ ರಾಜಕಾರಣಿ. 2011ರಲ್ಲಿ ನೀಮ್ ಎಂಬ ಊರಿನಲ್ಲಿ ಚುನಾವಣೆಗೆ ನಿಂತಿದ್ದರು. ಅವರ ಫೇಸ್‌ಬುಕ್ ಗೋಡೆಯಲ್ಲಿ ಬೇರೆಯವರು ಮುಸ್ಲಿಮರ ಬಗ್ಗೆ ದ್ವೇಷದ ಕಾಮೆಂಟ್ ಹಾಕಿದರು. ಸಾಂಚೆಜ್ ಅವನ್ನು ಕೂಡಲೇ ತೆಗೆಯಲಿಲ್ಲ. ಅಷ್ಟಕ್ಕೇ ಅಲ್ಲಿನ ಕೋರ್ಟು 4,000 ಯೂರೋ ದಂಡ ಹಾಕಿತು, ಮೇಲ್ಮನವಿಯಲ್ಲಿ 3,000 ಆಯಿತು. 2023ರ ಮೇ 15ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ದೊಡ್ಡ ಪೀಠ ಅದನ್ನು ಒಪ್ಪಿತು. ಗೋಡೆ ನಿನ್ನದಾದರೆ, ನೀನು ಜನರ ಮತ ಕೇಳುವವನಾದರೆ, ಅಲ್ಲಿ ಏನು ಬಿದ್ದಿದೆ ಅಂತ ನೋಡುವ ಹೊಣೆಯೂ ನಿನ್ನದೇ ಅಂತ.

ನಮ್ಮವರ ಪೋಸ್ಟಿನ ಕೆಳಗೆ ಈಗ 64 ಕಾಮೆಂಟ್ ಇವೆ. ಒಂದನ್ನೂ ಅವರು ತೆಗೆದಿಲ್ಲ. ಕೆಲವಕ್ಕೆ ಕೈ ಮುಗಿಯುವ ಚಿತ್ರ ಹಾಕಿದ್ದಾರೆ.

ಥಾಣೆ ವಕೀಲೆ (ಮಂಗಳವಾರ ಸಂಜೆ)

ನಮ್ಮ ಸುಪ್ರೀಂ ಕೋರ್ಟೂ ಇದರ ಹತ್ತಿರಕ್ಕೆ ಬಂದಿದೆ. 2020ರ ಅಮಿಶ್ ದೇವಗನ್ ಪ್ರಕರಣದಲ್ಲಿ, ಯಾರು ಹೇಳಿದರು ಅನ್ನುವುದೂ ಮುಖ್ಯ, ಪ್ರಭಾವ ಇರುವವರ ಹೊಣೆ ಜಾಸ್ತಿ ಅಂದಿದೆ. 2023ರ ಏಪ್ರಿಲ್ 28ರಂದು, ದ್ವೇಷ ಭಾಷಣ ಕಂಡರೆ ದೂರು ಬರುವವರೆಗೆ ಕಾಯದೆ ಪೊಲೀಸರೇ ಕೇಸು ಹಾಕಬೇಕು ಅಂತ ಎಲ್ಲ ರಾಜ್ಯಗಳಿಗೆ ಹೇಳಿತು.

ಮತ್ತೆ, 2023ರ ಜನವರಿ 3ರ ಕೌಶಲ್ ಕಿಶೋರ್ ತೀರ್ಪು. ಸಚಿವನ ಮಾತಿಗೆ ಸರ್ಕಾರ ಹೊಣೆಯಲ್ಲ ಅಂತ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬೇರೆಯಾಗಿ ಬರೆದರು. ಅಧಿಕಾರದ ಸ್ಥಾನದಿಂದ ಆಡಿದ ಮಾತಾದರೆ ಸರ್ಕಾರಕ್ಕೂ ಹೊಣೆ ಅಂಟಬಹುದು ಅಂದರು. ತಮ್ಮವರ ಬಾಯಿಗೆ ಲಗಾಮು ಹಾಕುವುದು ಪಕ್ಷಗಳ ಕೆಲಸ, ಅದಕ್ಕೊಂದು ನೀತಿಸಂಹಿತೆ ಮಾಡಿಕೊಳ್ಳಿ ಅಂದರು. ನನಗೆ ಆ ಬರಹದ ಬಗ್ಗೆ ತುಂಬಾ ಗೌರವ.

ಈಶಾನ್ಯದವರ ಬಗ್ಗೆಯೂ ಹೇಳಬೇಕು. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ನಿಡೊ ತಾನಿಯಾ ಹೊಡೆತ ತಿಂದು ಸತ್ತ. ಅವನ ಕೂದಲಿನ ಬಗ್ಗೆ ಗೇಲಿ ಮಾಡಿದಲ್ಲಿಂದ ಜಗಳ ಶುರುವಾಗಿತ್ತು. ಆಗ ಕೂರಿಸಿದ ಬೇಜ್‌ಬರುವಾ ಸಮಿತಿ, ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಲಂ ಬೇಕು ಅಂತ ಅದೇ ವರ್ಷ ಹೇಳಿತು. 2017ರಲ್ಲಿ ಕಾನೂನು ಆಯೋಗ 267ನೇ ವರದಿಯಲ್ಲಿ ದ್ವೇಷದ ಮಾತಿಗೆ ಹೊಸ ಕಲಂ ಸೂಚಿಸಿತು. ಹೊಸ ಸಂಹಿತೆ ಬರೆಯುವಾಗ ಇವೆರಡನ್ನೂ ಸೇರಿಸಲಿಲ್ಲ.

ಸಂಘದ ಖಜಾಂಚಿ (ಮಂಗಳವಾರ ರಾತ್ರಿ)

ಸಂಜೆ ಅವರ ಮನೆಗೆ ಹೋಗಿದ್ದೆ. ಪೋಸ್ಟ್ ಈಗ ಇಲ್ಲ, ನೋಡಿ. ಹೊಸದೊಂದು ಹಾಕಿದ್ದಾರೆ. "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ" ಅಂತ. ದಯವಿಟ್ಟು ಇನ್ನು ಸಾಕು ಮಾಡೋಣ.

ಡಬ್ಬಾ ಅಕ್ಕ (ಮಂಗಳವಾರ ರಾತ್ರಿ)

ಹೋಗಿ ಬಂದಿದ್ದಕ್ಕೆ ಧನ್ಯವಾದ, ಅಣ್ಣಾ. ಆದರೆ ಯಾವ ಮಾತು ಅಂತ ಅದರಲ್ಲಿ ಇಲ್ಲ. ಯಾರಿಗೆ ಅಂತಲೂ ಇಲ್ಲ. 'ನೋವಾಗಿದ್ದರೆ' ಅಂದರೆ ಆಗಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲವೇ? ನನ್ನ ಮಗ ಚಿಕ್ಕವನಿದ್ದಾಗ ಪಕ್ಕದ ಮನೆಯ ಹುಡುಗನಿಗೆ ಕಚ್ಚಿದ್ದ. "ನಾನು ಕಚ್ಚಿದೆ, ತಪ್ಪಾಯಿತು" ಅಂತ ಅವನ ಬಾಯಿಂದಲೇ ಹೇಳಿಸಿದ್ದೆ. ನಾಲ್ಕು ವರ್ಷದ ಮಗುವಿಗೆ ಅಷ್ಟು ಕಲಿಸುತ್ತೇವೆ.

ಆ ಫೋಟೋ ಈಗ ಎರಡು ವಾಟ್ಸಾಪ್ ಗುಂಪಿನಲ್ಲಿ ತಿರುಗುತ್ತಿದೆ. ಒಂದು ನಮ್ಮದೇ ಬಿಲ್ಡಿಂಗಿನದು.

ಮಾಟುಂಗಾ ಅಜ್ಜ (ಬುಧವಾರ ಬೆಳಿಗ್ಗೆ)

ಖಜಾಂಚಿಯವರೇ, ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. 2025ರ ಜುಲೈ ನೆನಪಿದೆಯಾ? ಶಾಸಕ ಸಂಜಯ್ ಗಾಯಕ್‌ವಾಡ್ ಆಕಾಶವಾಣಿ ಶಾಸಕರ ಭವನದ ಕ್ಯಾಂಟೀನಿನಲ್ಲಿ ಬೇಳೆ ಹಳಸಿದೆ ಅಂತ ಅಲ್ಲಿನವರಿಗೆ ಹೊಡೆದರು. ವಿಡಿಯೋ ಎಲ್ಲ ಫೋನಿಗೂ ಬಂತು. ಆಮೇಲೆ, ಶೆಟ್ಟಿಗೆ ಯಾಕೆ ಗುತ್ತಿಗೆ ಕೊಟ್ಟಿರಿ, ದಕ್ಷಿಣದವರು ಡ್ಯಾನ್ಸ್ ಬಾರ್, ಲೇಡೀಸ್ ಬಾರ್ ನಡೆಸಿ ಮಹಾರಾಷ್ಟ್ರದ ಸಂಸ್ಕೃತಿ ಕೆಡಿಸಿದರು ಅಂದರು. ಹೊಡೆದದ್ದಕ್ಕೆ ಕೆಲವು ದಿನ ಬಿಟ್ಟು ಪೊಲೀಸರು ದಾಖಲಿಸಿದ್ದು ಬರೀ ಒಂದು ಎನ್‌ಸಿ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಸಣ್ಣ ದೂರು.

ನಮ್ಮ ಹೆಂಗಸರು ಗಂಡಸರು ನೂರು ವರ್ಷದಿಂದ ಇಲ್ಲಿ ಹಿಟ್ಟು ರುಬ್ಬಿ, ತಟ್ಟೆ ತೊಳೆದು ಬದುಕಿದವರು. ಎಲ್ಲರನ್ನೂ ಒಂದೇ ಮಾತಿನಲ್ಲಿ ಬಾರಿಗೆ ಸೇರಿಸಿದರು. ಆವತ್ತು ನೀವು ಏನು ಬರೆದಿರಿ ಅಂತ ನನಗೆ ನೆನಪಿದೆ. "ಇಂಥವರನ್ನು ಸುಮ್ಮನೆ ಬಿಡಬಾರದು" ಅಂತ.

ಆ ಪಾರ್ಲರ್ ಹುಡುಗಿಗೆ ನಮ್ಮವರು ಅಂದದ್ದು ಅದೇ ಮಾತು. 'ದಂಧೆ' ಅಂತ.

ಸಂಘದ ಖಜಾಂಚಿ (ಬುಧವಾರ ರಾತ್ರಿ)

ಇಡೀ ದಿನ ಯೋಚಿಸಿದೆ. ಅಜ್ಜ ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೂ ಕೇಸು ಬೇಡ ಅಂತ ಈಗಲೂ ಅನ್ನುತ್ತೇನೆ. ಸಮಿತಿ ಕರೆಯೋಣ. ಪತ್ರ ಕೊಡಬೇಕು ಅಂತಾದರೆ ನಾನೇ ಒಯ್ಯುತ್ತೇನೆ. ಅಕ್ಕಿ ತಂದವನೂ ನಾನೇ, ಇದನ್ನು ಒಯ್ಯುವವನೂ ನಾನೇ ಆಗಲಿ.

ಥಾಣೆ ವಕೀಲೆ (ಬುಧವಾರ ರಾತ್ರಿ)

ಪತ್ರದಲ್ಲಿ ಏನಿರಬೇಕು ಅಂತ ಹೇಳುತ್ತೇನೆ. ಏನು ಬರೆದರು ಅಂತ ಅವರೇ ಒಪ್ಪಬೇಕು. ಅದೇ ಖಾತೆಯಲ್ಲಿ, ಎಲ್ಲರಿಗೂ ಕಾಣುವಂತೆ, ಕನ್ನಡದಲ್ಲೂ ಹಿಂದಿಯಲ್ಲೂ. ಕಾಮೆಂಟ್‌ನಲ್ಲಿ ಬೈದವರಿಗೆ ತಪ್ಪು ಅಂತ ಹೇಳಬೇಕು. ಫೋಟೋ ಹಂಚಬೇಡಿ ಅಂತ ಕೇಳಿಕೊಳ್ಳಬೇಕು. ಪತ್ರದ ಒಂದು ಪ್ರತಿ ಅವರ ಪಕ್ಷದ ಜಿಲ್ಲಾ ಕಚೇರಿಗೆ, ಪೋಸ್ಟಿನ ಮರಾಠಿ ಅನುವಾದದ ಜೊತೆ.

ಫೋಟೋ ಇನ್ನೂ ಎಲ್ಲಾದರೂ ಫೇಸ್‌ಬುಕ್‌ನಲ್ಲಿ ಇದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮದಲ್ಲಿ ಆ ಅಧಿಕಾರಿ ಇರಲೇಬೇಕು. ಅಲ್ಲಿ ಕೆಲಸ ಆಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು.

ಕೇಸು ಹಾಕಬೇಕೋ ಬೇಡವೋ ಅನ್ನುವುದು ನಾವು ತೀರ್ಮಾನಿಸುವ ವಿಷಯ ಅಲ್ಲ. ಫೋಟೋದಲ್ಲಿ ಇರುವವಳು ಅವಳು. ಅವಳನ್ನು ಕೇಳಿದಿರಾ?

ಡಬ್ಬಾ ಅಕ್ಕ (ಶುಕ್ರವಾರ ರಾತ್ರಿ)

ನಿನ್ನೆ ಸಮಿತಿ ಸೇರಿತು. ಹನ್ನೊಂದು ಜನ. ಪತ್ರಕ್ಕೆ ಏಳು, ಬೇಡ ಅಂದವರು ನಾಲ್ಕು. ಉತ್ತರ ಬರದಿದ್ದರೆ ಈ ಸಲ ಮುಖ್ಯ ಅತಿಥಿ ಇಲ್ಲದೆ ರಾಜ್ಯೋತ್ಸವ ಅಂತಲೂ ತೀರ್ಮಾನ ಆಯಿತು. ಖಜಾಂಚಿ ಅಣ್ಣ ಇವತ್ತು ಬೆಳಿಗ್ಗೆ ಒಯ್ದು ಕೊಟ್ಟರು. ನಗರಸೇವಕರು ಪತ್ರ ಟೀಪಾಯಿ ಮೇಲಿಟ್ಟು ಚಹಾ ತರಿಸಿದರಂತೆ. ಅಣ್ಣ ಕುಡಿಯದೆ ಎದ್ದು ಬಂದರು. ಉತ್ತರ ಇನ್ನೂ ಬಂದಿಲ್ಲ.

ಮಧ್ಯಾಹ್ನ ಡಬ್ಬಾ ಮುಗಿಸಿ ಪಾರ್ಲರ್‌ಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಅವಳು ಬಾಚಣಿಗೆ ತೊಳೆಯುತ್ತಿದ್ದಳು. ಮೊನ್ನೆ ಸುಳ್ಳು ಹೇಳಿದೆ ಅಂದೆ. ಉಳಿಸಿಟ್ಟ ಸ್ಕ್ರೀನ್‌ಶಾಟ್ ತೆಗೆದು ಒಂದೊಂದೇ ಸಾಲು ಹಿಂದಿಯಲ್ಲಿ ಹೇಳಿದೆ. ಮೂರನೇ ಸಾಲಿಗೆ ನನ್ನ ನಾಲಿಗೆ ತೊಡರಿತು. "ಪೂರಾ ಬೋಲೋ ಆಂಟಿ" ಅಂದಳು. ಪೂರ್ತಿ ಹೇಳಿದೆ.

ಅವಳು ಅಳಲಿಲ್ಲ. ಫೋನ್ ನನ್ನ ಕೈಯಿಂದ ತೆಗೆದುಕೊಂಡು, ಲೈಕ್ ಒತ್ತಿದವರ ಹೆಸರು ತೋರಿಸಿ ಅಂದಳು. ವಕೀಲೆ ಅಕ್ಕ ರೆಕಾರ್ಡ್ ಮಾಡಿ ಅಂದಾಗ ಅದನ್ನೂ ಮಾಡಿಟ್ಟಿದ್ದೆ. ಕನ್ನಡದಲ್ಲಿ ಇದ್ದ ಹೆಸರುಗಳನ್ನು ನಾನು ಓದಿದೆ. ಇಂಗ್ಲಿಷಿನವು ಅವಳೇ ಓದಿದಳು. ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಕೆಳಗಿನ ಕಿರಾಣಿ ಅಂಗಡಿಯವರು. ಅವಳು ದಿನಾ ಹಾಲು, ಮೊಟ್ಟೆ ತರುವುದು ಅಲ್ಲಿಂದಲೇ. "ಇವರು ನನ್ನನ್ನು ಬೇಟಾ ಅಂತಾರೆ" ಅಂದಳು.

ಆಮೇಲೆ ಮತ್ತೆ ಬಾಚಣಿಗೆ ತೊಳೆಯಲು ಹೋದಳು. ನಾನು ಕೂತೇ ಇದ್ದೆ. ಹೊರಡುವಾಗ ಹೇಳಿದಳು, ಗುರುವಾರ ಅವಳಿಗೆ ರಜೆ. ಪೊಲೀಸ್ ಸ್ಟೇಷನ್‌ಗೆ ಹೋಗಿ ದೂರು ಬರೆದು ಕೊಡುತ್ತಾಳಂತೆ. ಪೋಸ್ಟ್ ಕನ್ನಡದಲ್ಲಿದೆ, ಅಲ್ಲಿ ಕೂತು ಓದಿ ಹೇಳಲು ನಾನು ಬರಬೇಕು ಅಂದಳು. ಬರುತ್ತೇನೆ ಅಂದಿದ್ದೇನೆ. ವಕೀಲೆ ಅಕ್ಕಾ, ಹನ್ನೊಂದು ಗಂಟೆಗೆ ನಿಮಗೂ ಬರಲು ಆಗುತ್ತಾ?

ಥಾಣೆ ವಕೀಲೆ (ಶುಕ್ರವಾರ ರಾತ್ರಿ)

ಹತ್ತೂವರೆಗೆ ಟಿಕೆಟ್ ಕಿಟಕಿ ಹತ್ತಿರ ಇರುತ್ತೇನೆ.

ಸಂಘದ ಖಜಾಂಚಿ (ಶುಕ್ರವಾರ ರಾತ್ರಿ)

ಕಿರಾಣಿ ಅಂಗಡಿಯವರು ನಮ್ಮ ಸಂಘದ ಸದಸ್ಯರು. ಅವರ ಹತ್ತಿರ ನಾನು ನಾಳೆ ಬೆಳಿಗ್ಗೆ ಮಾತಾಡುತ್ತೇನೆ.